ಹೊಗೆಸೊಪ್ಪಿನ ನೀರು

ನಾಯಿಯನ್ನು ಕೊಂದದ್ದು ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ಓದುವವರು ಹಾವು ಬರ್ತದೋ ಲಾರಿ ಬರ್ತದೋ ಅಂತ ಕಾಯುತ್ತಾ ಕೂರಬೇಕಾಗುತ್ತದೆ. ಬೇಕೆಂದು ಕೊಂದದ್ದಲ್ಲ. ಆದರೆ ಸತ್ತದ್ದು ಸತ್ತದ್ದೇ.

ನಾನು ಎರಡನೇ ಕ್ಲಾಸಿನವರೆಗೆ ಶಾಲೆಗೆ ಹೋದವಳು. ಆಮೇಲೆ ಬೀಡಿ ಕಟ್ಟಲು ಕೂತೆ. ಈಗ ಎಪ್ಪತ್ತು ದಾಟಿತು, ಕೂತವಳು ಎದ್ದಿಲ್ಲ. ಪಾಣೆಮಂಗಳೂರಿನ ಹತ್ತಿರ, ರಸ್ತೆಗೆ ತಾಗಿಕೊಂಡೇ ನಮ್ಮ ಮನೆ. ಅಕ್ಕ ಇದ್ದಷ್ಟು ದಿನ ಜಗಲಿಯಲ್ಲಿ ಎರಡು ತಡ್ಪೆ, ಎಲೆ ಹುಡಿ ಇಟ್ಟುಕೊಳ್ಳುವ ಮೊರ. ಅವಳೂ ಮಡಿಲಲ್ಲಿ ತಡ್ಪೆ ಇಟ್ಟುಕೊಂಡು ಎಲೆ ಸುತ್ತುತ್ತಿದ್ದಳು, ನಾನೂ ಸುತ್ತುತ್ತಿದ್ದೆ, ಇಬ್ಬರೂ ಊರಿನವರನ್ನೆಲ್ಲ ಬೈಯುತ್ತಿದ್ದೆವು. ಅಕ್ಕ ಹೋದ ಮೇಲೆ ಒಂದೇ ತಡ್ಪೆ. ಬೈಯುವ ಅಭ್ಯಾಸ ಮಾತ್ರ ಹೋಗಲಿಲ್ಲ. ಒಬ್ಬಳೇ ಕೂತು ಮಾತಾಡುತ್ತಿದ್ದೆನಂತೆ. ಒಂದು ದಿನ ಮಗಳು ಬಟ್ಟೆ ಅಂಗಡಿಯ ಕೆಲಸದಿಂದ ಬೇಗ ಬಂದವಳು ಬಾಗಿಲಲ್ಲಿ ನಿಂತು ಕೇಳಿಸಿಕೊಂಡಳು.

"ಅಮ್ಮ, ಯಾರ ಹತ್ತಿರ ಮಾತಾಡ್ತಾ ಇದ್ದಿ?"

"ಗೋಡೆ ಹತ್ತಿರ. ಅದು ಎದುರು ಮಾತಾಡುವುದಿಲ್ಲ, ನಿನ್ನ ಹಾಗೆ."

ಅವಳು ನಗಲಿಲ್ಲ. ಮೂಡುಬಿದಿರೆಯ ಹತ್ತಿರ, ಜನ ಬಿಟ್ಟುಹೋದ ನಾಯಿ ಬೆಕ್ಕುಗಳನ್ನು ಸಾಕುವ ಒಂದು ಜಾಗ ಉಂಟು, ಕೇಳಿದವರಿಗೆ ಕೊಡ್ತಾರೆ, ಒಂದು ತರುವ ಅಂದಳು.

"ನಾಯಿ ಎಂತಕ್ಕೆ? ಬೀಡಿ ಕಟ್ತದಾ?"

"ಮಂಗ ಓಡಿಸ್ತದೆ" ಅಂದಳು. ನಮ್ಮಲ್ಲಿ ಮಂಗಗಳ ಉಪದ್ರ ಇದ್ದದ್ದು ಹೌದು. ಅದಕ್ಕೇ ಹೊರಟೆ ಅಂತ ಎಲ್ಲರ ಹತ್ತಿರವೂ ಹೇಳಿದೆ.

ಬಿ.ಸಿ.ರೋಡಿನಿಂದ ಬಸ್ಸಿನಲ್ಲಿ ಹೋದೆವು. ತಗಡಿನ ಮಾಡು, ಸುತ್ತ ಬಲೆ ಬೇಲಿ, ಒಳಗೆ ಹತ್ತಿಪ್ಪತ್ತು ನಾಯಿಗಳು. ಒಂದಕ್ಕೆ ಕಾಲಿಲ್ಲ, ಒಂದಕ್ಕೆ ಕಣ್ಣಿಲ್ಲ. ನೋಡಿಕೊಳ್ಳುವ ಹೆಂಗಸು ಘಟ್ಟದ ಮೇಲಿನವರು, ನಲ್ವತ್ತರ ಆಸುಪಾಸು, ಮಾತು ನಮ್ಮ ಹಾಗಲ್ಲ, ಬಹಳ ಬೇಗ. ನನಗೆ ಬೊಗಳುವ ನಾಯಿ ಬೇಕು ಅಂದೆ. ಕೈ ಚಾಚಿ ನಿಂತುಕೊಳ್ಳಿ ಅಂದರು. ಹತ್ತಿರ ಬಂದ ನಾಯಿಗಳೆಲ್ಲ ನನ್ನ ಕೈ ಮೂಸಿ, ಸೀನಿ, ಆಚೆ ಹೋದವು. ಅರುವತ್ತು ವರ್ಷದ ಹೊಗೆಸೊಪ್ಪು, ಸಾಬೂನು ಹಾಕಿದರೆ ಹೋಗುವ ವಾಸನೆ ಅಲ್ಲ. ಒಂದು ಮಾತ್ರ ಮೂಸಿ ಅಲ್ಲೇ ಕೂತಿತು. ಬಿಳಿ ಮೋರೆಯ ಕಂದು ಹೆಣ್ಣು ನಾಯಿ, ಪ್ರಾಯ ಆದದ್ದು.

"ಅದು ಬೊಗಳಲ್ಲ ಅಜ್ಜಿ" ಅಂದರು ಆ ಹೆಂಗಸು. "ಚಾರ್ಮಾಡಿ ಹತ್ರ ರಸ್ತೆ ಬದೀಲಿ ಸಿಕ್ಕಿದ್ದು. ಯಾರೋ ಕಾರಲ್ಲಿ ತಂದು ಇಳಿಸಿ ಹೋಗಿದ್ದಾರೆ. ಬಿಟ್ಟ ಜಾಗದಲ್ಲೇ ಕೂತಿತ್ತಂತೆ, ನಾಲ್ಕು ದಿನ."

"ಪೆದ್ದು" ಅಂದೆ.

"ಹೌದು, ಪೆದ್ದೇ" ಅಂದರು.

ಕಾಗದ ಕೊಟ್ಟರು. ಮಗಳು ಓದಿ ಹೇಳಿದಳು: ಸಂಕೋಲೆಯಲ್ಲಿ ಕಟ್ಟಿ ಹಾಕಬಾರದು. ಬೇರೆಯವರಿಗೆ ಕೊಡಬಾರದು. ಉಣ್ಣಿಯಾಗಲಿ, ಕಜ್ಜಿಯಾಗಲಿ, ಏನೇ ಆದರೂ ಫೋನು ಮಾಡಬೇಕು, ಮದ್ದು ಅವರೇ ಕೊಡುತ್ತಾರೆ. ಉಣ್ಣಿಗೆಲ್ಲ ಯಾರಾದರೂ ಫೋನು ಮಾಡ್ತಾರಾ ಅಂತ ನಾನು ನಕ್ಕೆ. ನಗುತ್ತಲೇ ರುಜು ಹಾಕಿದೆ. ಆ ಹೆಂಗಸು ಕಾಗದ ಮಡಚುವಾಗ ಒಂದೇ ಮಾತು ಹೇಳಿದರು: "ಕಟ್ಟಾಕ್ಬೇಡಿ ಅಜ್ಜಿ, ದಯವಿಟ್ಟು. ಕಟ್ಟಿದ್ರೆ ಮತ್ತೆ ಬಿಟ್ಟು ಹೋಗ್ತಾರೆ ಅಂದ್ಕೊಳ್ಳತ್ತೆ." ಕಟ್ಟುವುದಿಲ್ಲ ಅಂತ ಮಾತು ಕೊಟ್ಟೆ.

ಅಲ್ಲಿ ಅದಕ್ಕೆ ಏನೋ ಒಂದು ಹೆಸರಿಟ್ಟಿದ್ದರು, ನನ್ನ ನಾಲಗೆಗೆ ಬರಲಿಲ್ಲ. ನಾನು "ಏ" ಅನ್ನುತ್ತಿದ್ದೆ, ಅದು ಬರುತ್ತಿತ್ತು.

ನಾಯಿ ಒಳಗೆ ಬರಬಾರದು ಅಂತ ನಮ್ಮಲ್ಲಿ ಕ್ರಮ. ಅದು ಬರಲೂ ಇಲ್ಲ. ಹೊಸ್ತಿಲಿನ ಆಚೆ, ಜಗಲಿಯಲ್ಲಿ ಅಕ್ಕ ಕೂರುತ್ತಿದ್ದ ಜಾಗದಲ್ಲಿ ಮಲಗಿತು. ಅಲ್ಲಿಂದ ಏಳಿಸಲು ಎರಡು ದಿನ ನೋಡಿದೆ, ಆಮೇಲೆ ಬಿಟ್ಟೆ. ಮಂಗ ಬಂದರೆ ತಲೆ ಎತ್ತಿ ನೋಡುತ್ತಿತ್ತು, ಅಷ್ಟೆ. ಮಂಗಗಳು ಅದರ ಎದುರಿನಿಂದಲೇ ಪಪ್ಪಾಯಿ ಕೊಂಡುಹೋದವು. "ಅಕ್ಕ, ನಿಮ್ಮ ಪೊಲೀಸು ನಿದ್ದೆಯಲ್ಲಿ" ಅಂತ ಆಚೆ ಮನೆಯವಳು ದಿನಕ್ಕೊಮ್ಮೆಯಾದರೂ ಹೇಳದೆ ಇರುತ್ತಿರಲಿಲ್ಲ. ಅವಳೂ ಬೀಡಿ ಕಟ್ಟುವವಳೇ.

ಒಂದಕ್ಕೆ ಮಾತ್ರ ಅದು ಏಳುತ್ತಿತ್ತು. ರಸ್ತೆಯಲ್ಲಿ ಕಾರು ಹೋದರೆ ಇಲ್ಲ. ಕಾರು ನಿಂತರೆ ಎದ್ದು ನಿಲ್ಲುತ್ತಿತ್ತು. ಬಾಗಿಲು ತೆರೆದು ಯಾರಾದರೂ ಇಳಿಯುವವರೆಗೆ ನೋಡುವುದು, ಇಳಿದವರನ್ನು ನೋಡುವುದು, ಮತ್ತೆ ಮಲಗುವುದು. "ಬರುವುದಿಲ್ಲ ಮಾರಾಯ್ತಿ, ಸುಮ್ಮನೆ ಕಾಲು ನೋಯಿಸಿಕೊಳ್ಳಬೇಡ" ಅಂತ ನಾನು ಹೇಳುತ್ತಿದ್ದೆ. ಮಾತಾಡಿದ್ದು ಗೋಡೆಯ ಹತ್ತಿರ ಅಲ್ಲವಲ್ಲ ಅಂತ ಮಗಳಿಗೆ ಸಮಾಧಾನ.

ಹೀಗೆ ಏಳು ತಿಂಗಳು.

ಮಳೆ ಬಿಟ್ಟು ಬಿಸಿಲು ಬಂದಾಗ ಅದಕ್ಕೆ ಉಣ್ಣಿ ಹಿಡಿಯಿತು. ಕಿವಿಯೊಳಗೆ, ಬೆರಳ ಸಂದಿಯಲ್ಲಿ, ಹೊಟ್ಟೆಯ ಕೆಳಗೆ. ಕೆರೆದು ಕೆರೆದು ರಕ್ತ ಬಂತು. ನೋಡಲಿಕ್ಕಾಗುತ್ತಿರಲಿಲ್ಲ.

ಬೀಡಿ ಕಟ್ಟುವ ಮನೆಯಲ್ಲಿ ಹೊಗೆಸೊಪ್ಪಿನ ಹುಡಿ ಎಲ್ಲದಕ್ಕೂ ಮದ್ದು. ಮಲ್ಲಿಗೆ ಗಿಡಕ್ಕೆ ಹುಳ ಬಂದರೆ ಅದರ ನೀರು, ಅಲಸಂಡೆಗೆ ಬಂದರೆ ಅದರ ನೀರು. ಹಿಂದೆ ದನ ಇದ್ದಾಗ ಕರುವಿಗೆ ಉಣ್ಣಿ ಹಿಡಿದರೆ ಅಮ್ಮ ಅದನ್ನೇ ಹಚ್ಚುತ್ತಿದ್ದಳು. ಗಿಡ್ಡ ಹಗ್ಗದಲ್ಲಿ ಕಟ್ಟಿ, ತಲೆ ತಿರುಗಿಸಲಿಕ್ಕಾಗದ ಹಾಗೆ ಮಾಡಿ ಹಚ್ಚುವುದು, ಒಣಗಿದ ಮೇಲೆ ತೊಳೆದು ಬಿಡುವುದು. ಗಿಡ್ಡ ಹಗ್ಗ ಯಾಕೆ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಕರು ಓಡದಿರಲಿ ಅಂತ ಅಂದುಕೊಂಡಿದ್ದೆ.

ಬೆಳಿಗ್ಗೆ ಮಗಳು ಕೆಲಸಕ್ಕೆ ಹೋದ ಮೇಲೆ ಎರಡು ಮುಷ್ಟಿ ಹುಡಿ ಹಾಕಿ ನೀರು ಕುದಿಸಿದೆ. ದಪ್ಪ ಕಷಾಯದ ಹಾಗಾಯಿತು. ಆರಿಸಿ, ಹಳೆ ಬಟ್ಟೆಯಲ್ಲಿ ಅದ್ದಿ, ಮೈಯಿಡೀ ಉಜ್ಜಿದೆ. ಅದು ಒಮ್ಮೆಯೂ ಗುರ್ ಅನ್ನಲಿಲ್ಲ. ಕಿವಿ ಹಿಡಿದರೆ ಕಿವಿ ಕೊಟ್ಟಿತು, ಕಾಲು ಎತ್ತಿದರೆ ಕಾಲು ಕೊಟ್ಟಿತು. ಹಗ್ಗ ಇತ್ತು, ಬಾವಿಯ ಹತ್ತಿರವೇ ಇತ್ತು. ಕಟ್ಟುವುದಿಲ್ಲ ಅಂತ ಹೇಳಿದ್ದೆನಲ್ಲ, ಕಟ್ಟಲಿಲ್ಲ. ಬಿಸಿಲಿನಲ್ಲಿ ಬಿಟ್ಟು ನಾನು ತಡ್ಪೆ ಹಿಡಿದು ಕೂತೆ.

ಅದು ಅಂಗಳದಲ್ಲಿ ಮಲಗಿ ಮೈ ನೆಕ್ಕುತ್ತಿತ್ತು. ನಾನು ನೋಡುತ್ತಿದ್ದೆ. ನೋಡಿ, ಚಂದ ಮಾಡಿಕೊಳ್ಳುತ್ತದೆ ಅಂತ ಅಂದುಕೊಂಡೆ. ಇದನ್ನು ಬರೆಯದೆ ಬಿಡಬಹುದಿತ್ತು.

ಮೊದಲು ಬಾಯಿಯಿಂದ ನೊರೆ ಬಂತು. ವಾಂತಿ ಮಾಡಿತು. ಎದ್ದು ನಿಲ್ಲಲು ಹೋಗಿ ಹಿಂಗಾಲು ಜಾರಿ ಬಿತ್ತು. ಮೈಯೆಲ್ಲ ನಡುಗತೊಡಗಿತು. ಆಚೆ ಮನೆಯವಳನ್ನು ಕೂಗಿದೆ. ಅವಳು ಬಂದು ಮೂಸಿ ನೋಡಿ, "ಅಯ್ಯೋ ದೇವರೇ, ಅಕ್ಕ, ಇದನ್ನು ನೆಕ್ಕಲಿಕ್ಕೆ ಬಿಟ್ಟಿರಾ?" ಅಂದಳು. ಅವಳಿಗೆ ಗೊತ್ತಿತ್ತು. ಕೇಳಿದ್ದರೆ ಹೇಳುತ್ತಿದ್ದಳು. ನನಗೆ ಕೇಳಿ ಗೊತ್ತಿಲ್ಲ.

ಇಬ್ಬರೂ ನೀರು ಹೊಯ್ದು ತೊಳೆದೆವು. ಅವಳು ಓಡಿ ರಿಕ್ಷಾ ನಿಲ್ಲಿಸಿದಳು.

"ಅಜ್ಜಿ, ನಾಯಿಯನ್ನೆಲ್ಲ ರಿಕ್ಷಾದಲ್ಲಿ ಹಾಕ್ಲಿಕ್ಕಿಲ್ಲ" ಅಂದ ಡ್ರೈವರು.

"ನನ್ನ ಮಡಿಲಲ್ಲಿ ಹಾಕ್ತೇನೆ. ನನ್ನನ್ನು ಹಾಕ್ಲಿಕ್ಕೆ ಉಂಟಲ್ಲ?"

ಅವನು ರಿಕ್ಷಾ ಬಿಟ್ಟ, ಬೇಗ ಬಿಟ್ಟ. ಸೇತುವೆ ದಾಟುವವರೆಗೆ ಅದರ ಉಸಿರು ನನ್ನ ಕೈಗೆ ತಾಗುತ್ತಿತ್ತು. ದನದ ಆಸ್ಪತ್ರೆಯ ಗೇಟಿನ ಹತ್ತಿರ ರಿಕ್ಷಾ ನಿಂತಿತು. ನಾನು ಅದರ ಮೋರೆ ನೋಡಿದೆ. ಗಾಡಿ ನಿಂತರೆ ಏಳುವ ನಾಯಿ ಅದು. ಏಳಲಿಲ್ಲ. ಡಾಕ್ಟರು ಬಂದು ಕಣ್ಣು ಬಿಡಿಸಿ ನೋಡುವ ಮೊದಲೇ ನನಗೆ ಗೊತ್ತಾಯಿತು.

ಅದೇ ರಿಕ್ಷಾದಲ್ಲಿ ಮನೆಗೆ ತಂದೆ. ಡ್ರೈವರನೇ ಹೊಂಡ ತೋಡಿದ, ಪಪ್ಪಾಯಿ ಗಿಡದ ಬುಡದಲ್ಲಿ. ಸಂಜೆ ಮಗಳು ಬಂದು ಜಗಲಿಯಲ್ಲಿ ಕೂತು ಅತ್ತಳು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಆಗುತ್ತಿತ್ತು.

ಆ ಜಾಗದವರಿಗೆ ಪ್ರತಿ ತಿಂಗಳೂ ಮಗಳು ಫೋನಿನಲ್ಲಿ ನಾಯಿಯ ಫೋಟೋ ಕಳಿಸಬೇಕಿತ್ತು. ಆ ತಿಂಗಳು ಏನು ಕಳಿಸುವುದು? "ಹಾವು ಕಚ್ಚಿತು ಅಂತ ಹೇಳಿಬಿಡಿ" ಅಂದಳು ಆಚೆ ಮನೆಯವಳು. "ಅವರು ಬಂದು ಅಗೆದು ನೋಡ್ತಾರಾ?"

ನೋಡುವುದಿಲ್ಲ. ಅದು ನನಗೂ ಗೊತ್ತು. ಎರಡು ದಿನ ಆ ಹಾವನ್ನು ಬಾಯಲ್ಲಿ ಇಟ್ಟುಕೊಂಡೇ ಬೀಡಿ ಕಟ್ಟಿದೆ. ಮೂರನೆಯ ದಿನ ನಾಯಿಯ ಕುತ್ತಿಗೆಯಲ್ಲಿದ್ದ ಬೆಲ್ಟನ್ನು ಚೀಲಕ್ಕೆ ಹಾಕಿ ಒಬ್ಬಳೇ ಬಸ್ಸು ಹತ್ತಿದೆ.

ಆ ಹೆಂಗಸು ಬೆಲ್ಟು ನೋಡಿದ ಕೂಡಲೇ ಕೈಯಲ್ಲಿದ್ದ ಅನ್ನದ ಬಕೆಟು ಕೆಳಗಿಟ್ಟರು. ನಾನು ಇದ್ದ ಹಾಗೆ ಹೇಳಿದೆ. ಕುದಿಸಿದ್ದು, ಹಚ್ಚಿದ್ದು, ನೆಕ್ಕುವುದನ್ನು ನೋಡಿದ್ದು.

"ಒಂದು ಫೋನ್ ಮಾಡಕ್ಕಾಗ್ಲಿಲ್ವಾ ಅಜ್ಜಿ?"

"ಆಗ್ತಿತ್ತು."

ಅವರು ಅತ್ತರು, ನಾನು ನಿಂತೆ. ಆಮೇಲೆ ಮೂಗು ಒರೆಸಿಕೊಂಡು, "ಕಟ್ಟಿ ಹಾಕಿರ್ಲಿಲ್ವಾ?" ಅಂತ ಕೇಳಿದರು.

"ಇಲ್ಲ. ನೀವು ಬೇಡ ಅಂದಿದ್ದಿರಲ್ಲ."

ಅವರು ಬೆಲ್ಟನ್ನು ನನ್ನ ಕೈಯಿಂದ ತೆಗೆದುಕೊಂಡರು. "ನಮ್ ಕಡೆ ಬೀಡಿ ಕಟ್ಟಲ್ಲ, ನಂಗಿದು ಗೊತ್ತೇ ಇರ್ಲಿಲ್ಲ. ಈ ಕಡೆ ಎಷ್ಟು ಮನೇಲಿ ಹಚ್ತಾರೆ?" ಅಂದರು.

"ಹುಡಿ ಇದ್ದ ಎಲ್ಲ ಮನೆಯಲ್ಲಿ."

ಅವರು ಕಾಗದದ ಕಟ್ಟು ತಂದರು, ನಾನು ರುಜು ಹಾಕಿದಂಥದ್ದೇ. ಖಾಲಿ ಜಾಗ ತೋರಿಸಿ ಪೆನ್ನು ನನ್ನ ಕೈಗೆ ಕೊಟ್ಟರು. "ನೀವೇ ಬರೀರಿ. ನಿಮ್ಮೋರಿಗೆ ಅರ್ಥ ಆಗೋ ಹಾಗೆ. ನಾನು ಪ್ರಿಂಟ್ ಹಾಕಿಸ್ತೀನಿ."

ಇನ್ನೊಂದು ನಾಯಿ ಬೇಕಾ ಅಂತ ಅವರು ಕೇಳಲಿಲ್ಲ. ನಾನೂ ಕೇಳಲಿಲ್ಲ. ಕೇಳಿದ್ದರೆ ಅವರು ಕೊಡಬಾರದಿತ್ತು.

ನನ್ನ ಅಕ್ಷರ ದೊಡ್ಡದು, ಒಂದು ಗೆರೆಯಲ್ಲಿ ಹಿಡಿಯಲಿಲ್ಲ. ಉಣ್ಣಿಗೆ ಹೊಗೆಸೊಪ್ಪಿನ ನೀರು ಹಚ್ಚಬೇಡಿ, ನೆಕ್ಕಿ ಸಾಯುತ್ತದೆ, ಅಂತ ಬರೆದೆ. ಪೆನ್ನು ವಾಪಸು ಕೊಡಲು ಹೋದವಳು ಮತ್ತೆ ಕೂತು, ಅದರ ಕೆಳಗೆ ಇನ್ನೊಂದು ಗೆರೆ ಬರೆದೆ: ಕಟ್ಟಿ ಹಾಕಿದರೂ ಬೇಡ.