ಶಂಕ್ರೆವ್ವ ಕತ್ತಿಗೆ ಗುರುತು ಹಾಕಿದ್ದು

ಹಳಿಯಾಳದ ಶಂಕ್ರೆವ್ವ ಗಂಡ ಬದುಕಿದ್ದಾಗ ಅವನೆದುರು ನಿಂತು ದೊಡ್ಡ ಸುತ್ತಿಗೆ ಬೀಸಿದವಳು. ಅವನು ತೀರಿಕೊಂಡ ಮೇಲೆ ಇಕ್ಕಳವನ್ನೂ ತಾನೇ ಹಿಡಿದಳು. ತಿದಿ ಒತ್ತಲು ಮೈದುನ ಮುದಕಪ್ಪನಿದ್ದ. ದಾಂಡೇಲಿಯಲ್ಲಿ ಕಾಗದದ ಕಾರ್ಖಾನೆ ಶುರುವಾದಂದಿನಿಂದ ಬಿದಿರು ಕಡಿಯುವ ಕತ್ತಿಗಳಿಗೆ ಬೇಡಿಕೆ ಬಂದು, ಕುಲುಮೆಗೆ ಬಿಡುವೇ ಇರಲಿಲ್ಲ.

೧೯೬೧ರ ಚಳಿಗಾಲದ ಒಂದು ಬೆಳಿಗ್ಗೆ ಕಾಡಿನಿಂದ ಸೈಕಲ್ ಮೇಲೆ ಸುದ್ದಿ ಬಂದು, ಊರಲ್ಲಿದ್ದ ಬಿದಿರು ಲಾರಿಯ ಡ್ರೈವರ್ ಬಾಗಿಲಿಗೆ ಬಂದ. ಮೌಳಂಗಿ ಕಡೆಯ ಕಾಡಿನಲ್ಲಿ ಕತ್ತಿಯೊಂದು ಮುರಿದು, ಅಲಗು ಹಾರಿ, ಸೋಮಾ ಎಂಬ ಸಿದ್ದಿ ಕೂಲಿಯವನ ತೊಡೆಗೆ ಹೊಕ್ಕಿತ್ತು.

"ಮುಕಾದಮರು ಕರದಾರ. ಈಗಿಂದೀಗ ಬರ್ರಿ."

ಲಾರಿಯಲ್ಲಿ ಮುದಕಪ್ಪ ಪಿಸುಗುಟ್ಟಿದ: "ಅತ್ತಿಗಿ, ನಮ್ದಲ್ಲ ಅಂದ್ಬಿಡು. ಮುಂಡಗೋಡದ ಕಮ್ಮಾರ ಮೋನಪ್ಪನ ಕತ್ತೀನೂ ಅದ ಗಂಟಿನ್ಯಾಗ ಹೋಗ್ಯಾವ. ಯಾರಿಗೆ ಗೊತ್ತಾಗತೈತಿ?"

ಶಂಕ್ರೆವ್ವ ಡ್ರೈವರನಿಗೆ ಲಾರಿ ಬೇಗ ಓಡಿಸಲು ಹೇಳಿದಳು.

ಅಲ್ಲಿ ಕೆಲಸ ನಿಂತಿತ್ತು. ಕೂಲಿಯವರು ಸುತ್ತ ನಿಂತಿದ್ದರು. ಗುಡಿಸಲಿನಲ್ಲಿ ಸೋಮಾ ಕಣ್ಣು ಮುಚ್ಚಿ ಮಲಗಿದ್ದ. ತೊಡೆಗೆ ಸುತ್ತಿದ ಸೀರೆಯ ತುಂಡು ನೆನೆದು ಕಪ್ಪಾಗಿತ್ತು. ಹೆಂಡತಿ ಗೋದುಬಾಯಿ ಅದನ್ನು ಎರಡೂ ಕೈಯಿಂದ ಒತ್ತಿ ಹಿಡಿದಿದ್ದಳು. ಅಲ್ಲಿ ಬೇರೆ ಗಾಡಿ ಇರಲಿಲ್ಲ; ಮೊದಲು ಅವನನ್ನು ಅದೇ ಲಾರಿಗೆ ಹತ್ತಿಸಿ ದವಾಖಾನೆಗೆ ಕಳಿಸಿದರು.

ಆಮೇಲೆ ಕೂಲಿಯವರ ಮೇಲ್ವಿಚಾರಕನಾದ ಮುಕಾದಮ ಮುರಿದ ಕತ್ತಿಯನ್ನು ಎತ್ತಿ ಹಿಡಿದ. "ಯಾರದಿದು?"

ಮೋನಪ್ಪನನ್ನೂ ಕರೆಸಿದ್ದರು; ಅವನು ಮುದುಕ. ಕತ್ತಿಯನ್ನು ತಿರುಗಿಸಿ ಮುರುಗಿಸಿ ನೋಡಿದ. "ನನ್ನ ಕಣ್ಣು ಮಂಜಾಗ್ಯಾವ್ರಿ. ನಂದಲ್ಲ ಅಂತ ಆಣಿ ಮಾಡಲಾರೆ."

"ಹಂಗಾದ್ರ ನಿಂದ! ಇನ್ನ ಈ ಕಾಡಿಗೆ ಕಾಲಿಡಬ್ಯಾಡ."

ಕೂಲಿಯವರು ಮುಂದೆ ಸರಿದರು. ಒಬ್ಬ ಹೊರದಬ್ಬಲು ಮೋನಪ್ಪನ ಹೆಗಲಿಗೆ ಕೈ ಹಾಕಿದ. ಶಂಕ್ರೆವ್ವ ಕತ್ತಿ ಇಸಕೊಂಡಳು. ಮುರಿದ ಕಡೆ ಉಕ್ಕು ಸಕ್ಕರೆಯಂತೆ ಹರಳು ಹರಳಾಗಿತ್ತು. ಅತಿಯಾಗಿ ಕಾಯಿಸಿ ನೀರಿಗದ್ದಿದ ಕೆಲಸ. ಅವಳು ಎಡಗೈಯವಳು. ಅಲಗಿನ ಬುಡದಲ್ಲಿ ಸುತ್ತಿಗೆಯ ಪೆಟ್ಟುಗಳು ಎಡಕ್ಕೆ ವಾಲಿದ್ದವು. ಹೋದ ತಿಂಗಳು ಜ್ವರದಲ್ಲೇ ಕುಲುಮೆ ಮುಂದೆ ಕೂತ ದಿನ ಅವಳಿಗೆ ನೆನಪಾಯಿತು. ಮುದಕಪ್ಪ ಅವಳ ಸೆರಗು ಜಗ್ಗಿದ.

"ಅಜ್ಜನ ಬಿಡ್ರಿ," ಎಂದಳು. "ಇದು ನಂದು."

ಮುಕಾದಮ ಬಾಯಿಗೆ ಬಂದಂತೆ ಬೈದ. ಅವಳು ತಲೆ ತಗ್ಗಿಸಿ ಕೇಳಿಸಿಕೊಂಡಳು. ನಂತರ ರಾಶಿಯಲ್ಲಿದ್ದ ತನ್ನ ಕತ್ತಿಗಳನ್ನು ಒಂದೊಂದಾಗಿ ಆರಿಸಿ, ತೇಗದ ಬೊಡ್ಡೆಗೆ ಬಲವಾಗಿ ಬಡಿದಳು. ಇನ್ನೆರಡು ಮುರಿದವು. ಪ್ರತಿ ಪೆಟ್ಟಿಗೂ ಜನ ಹಿಂದೆ ಸರಿಯುತ್ತಿದ್ದರು.

"ಇನ್ನ ಮುಂದ ಮಾಡಿದವರ ಗುರುತಿಲ್ಲದ ಕತ್ತಿ ಕಾಡಿನೊಳಗ ಬರೂದಿಲ್ಲ," ಎಂದ ಮುಕಾದಮ.

ಮನೆಯಲ್ಲಿ ಜಗಳ ಹತ್ತಿತು. ಮುದಕಪ್ಪ ಹೇಳಿದ: "ಗುರುತು ಹಾಕಿದ್ರ ಊರ ಬೈಗಳೆಲ್ಲ ನಮ್ಮ ಬಾಗಲಿಗೇ ಬರತಾವ. ಹಾಕೂದಾದ್ರ ಅಣ್ಣನ ಹೆಸರಿನ ಅಕ್ಷರ ಹಾಕು. ಹೆಂಗಸಿನ ಕತ್ತಿ ಅಂದ್ರ ಯಾರು ಮುಟ್ಟತಾರ?"

"ಸತ್ತವನ ಮ್ಯಾಲ ನನ್ನ ತಪ್ಪು ಹೊರಸೂದಿಲ್ಲ. ಬೈಗಳ ನನಗ ಬರಲಿ."

ಮೊದಲು ಅಚ್ಚಿಗಾಗಿ ಉಳಿಯೊಂದರ ತುದಿಯ ಮೇಲೆ ತ್ರಿಶೂಲ ಕೆತ್ತಿದಳು. ಕೆಂಪು ಕಬ್ಬಿಣಕ್ಕೆ ಒತ್ತಿದರೆ ಮೂರು ಗೆರೆ ಕೂಡಿಕೊಂಡು ಕಲೆಯಾಯಿತು. ತನ್ನ ಹೆಸರಿನ 'ಶಂ' ಕೆತ್ತಿದಳು. ಅಚ್ಚು ಆಳಕ್ಕಿಳಿದು, ಕಾದ ಅಲಗನ್ನು ನೀರಿಗದ್ದುವಾಗ ಅಲ್ಲೇ ಸೀಳು ಬಿಟ್ಟಿತು. ಗುರುತಿನಿಂದಲೇ ಕತ್ತಿ ಮುರಿಯುತ್ತದೆಯೇ ಎಂದು ಅವಳಿಗೆ ದಿಗಿಲು ಬಿತ್ತು. ನಾಲ್ಕು ದಿನ ಹಾಳಾದವು. ಕೊನೆಗೆ ಎಡಕ್ಕೆ ವಾಲಿದ ಒಂದು ಗಿಡ್ಡ ಗೆರೆ, ಪಕ್ಕದಲ್ಲಿ ಒಂದು ಚುಕ್ಕೆ, ಅಷ್ಟನ್ನೇ ಇಟ್ಟಳು. ಅಲಗಿನ ದಪ್ಪ ಬುಡದಲ್ಲಿ ಹಗುರವಾಗಿ ಒಂದೇ ಪೆಟ್ಟು. ಅಚ್ಚು ಸ್ವಚ್ಛವಾಗಿ ನಿಂತಿತು, ಸೀಳು ಬರಲಿಲ್ಲ.

ಹೊಸ ಕತ್ತಿಗಳೊಂದಿಗೆ ಮತ್ತೆ ಮೌಳಂಗಿಗೆ ಹೋದಾಗ ಕೂಲಿಯವರು ಯಾರೂ ಕೈ ಚಾಚಲಿಲ್ಲ. ಗಂಡನ ಬದಲಿಗೆ ಕೆಲಸಕ್ಕೆ ನಿಂತಿದ್ದ ಗೋದುಬಾಯಿ ಬಂದು ಒಂದನ್ನು ಎತ್ತಿಕೊಂಡಳು. ಗುರುತಿನ ಮೇಲೆ ಹೆಬ್ಬೆರಳಾಡಿಸಿ, ಹತ್ತಿರದ ಬಿದಿರಿಗೆ ಮೈಬಲವೆಲ್ಲ ಹಾಕಿ ಬೀಸಿದಳು. ಮೂರನೇ ಪೆಟ್ಟಿಗೆ ಬಿದಿರು ವಾಲಿತು. ಅಲಗು ಹಾಗೇ ಇತ್ತು.

"ಸೋಮಾ ಹೆಂಗದಾನ?" ಶಂಕ್ರೆವ್ವ ಕೇಳಿದಳು.

"ಕೋಲು ಹಿಡದು ಎದ್ದಾನ," ಎಂದಳು ಗೋದುಬಾಯಿ. ಮುಖ ತಿರುಗಿಸಲಿಲ್ಲ. ಕತ್ತಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಿನ ಬಿದಿರಿನತ್ತ ನಡೆದಳು. ಅವಳ ಹಿಂದೆ ಒಬ್ಬೊಬ್ಬರಾಗಿ ಉಳಿದವರೂ ಬಂದು ಕತ್ತಿ ಎತ್ತಿಕೊಂಡರು.