ಹೇಳಿಕೆಗೆ ಹೊರಟ ಹಸನಬ್ಬ ಮಾಮ

ಹಸನಬ್ಬ ಮಾಮ ಸಿಟ್ಟು ಬಂದಾಗ ಮೊದಲು ಕೊಡೆ ಮಡಚುತ್ತಿದ್ದರು. ಮಳೆ ಎಷ್ಟೇ ಜೋರಾಗಿರಲಿ, ಕೊಡೆ ಮಡಚಿ ಕಂಕುಳಿಗೆ ಸಿಕ್ಕಿಸಿ, ಎರಡೂ ಕೈ ಖಾಲಿ ಮಾಡಿಕೊಂಡ ಮೇಲೆಯೇ ಮಾತು ಶುರು. ಒಂದೇ ಕೈಯಲ್ಲಿ ಜಗಳವಾಡುವುದು ಅವರಿಂದ ಆಗುತ್ತಿರಲಿಲ್ಲ. ಬಂದರಿನಲ್ಲಿ ಅವರ ಒಣಮೀನಿನ ಅಂಗಡಿಯ ಮುಂದೆ ಕೊಡೆ ಮಡಚಿ ನಿಂತ ಮಾಮನನ್ನು ಕಂಡರೆ ಗುರುತಿದ್ದವರು ಆಚೆ ಓಣಿಯಿಂದ ಸುತ್ತಿಕೊಂಡು ಹೋಗುತ್ತಿದ್ದರು. ಗಡ್ಡದಿಂದ ನೀರು ಇಳಿಯುತ್ತಿರುವಾಗಲೇ ಅವರು ಎದುರಿನವನಿಗೆ, "ನಾನು ಸಿಟ್ಟು ಮಾಡ್ತಾ ಇಲ್ಲ ಮಾರಾಯ, ವಿಷಯ ಹೇಳ್ತಾ ಇದ್ದೇನೆ" ಎನ್ನುತ್ತಿದ್ದರು. ಆ ವಿಷಯ ಎದುರಿನವನ ಅಜ್ಜನಿಂದ ಶುರುವಾಗಿ ಅವನವರೆಗೆ ಇಳಿದು ಬರುತ್ತಿತ್ತು.

ಅವರು ನನ್ನ ತಾಯಿಯ, ಉಮ್ಮನ ಅಣ್ಣ. ತಂದೆ ತೀರಿಹೋದ ಮೇಲೆ ಕುದ್ರೋಳಿಯ ನಮ್ಮ ಮನೆಗೆ ಅವರೇ ಗಂಡು ದಿಕ್ಕು. ಬೆಳಿಗ್ಗೆ ಅಂಗಡಿ ತೆರೆಯುವ ಮುಂಚೆ ನಮ್ಮ ಜಗಲಿಗೆ ಬಂದು, ಉಮ್ಮನನ್ನು ಬೈದು, ನನ್ನನ್ನು ಬೈದು, ಅಕ್ಕ ಝೊಹರಾ ತಂದ ಚಾಯಕ್ಕೆ ಸಕ್ಕರೆ ಸಾಲದೆಂದು ಬೈದು, ಕುಡಿದು ಹೋಗುತ್ತಿದ್ದರು. ಒಂದು ದಿನ ಅವರು ಬಾರದಿದ್ದರೆ ಉಮ್ಮನಿಗೆ ಗಂಜಿ ಗಂಟಲಲ್ಲಿ ಇಳಿಯುತ್ತಿರಲಿಲ್ಲ.

ಝೊಹರಾ ಅಕ್ಕನಿಗೆ ಫಳ್ನೀರಿನಿಂದ ಸಂಬಂಧ ಬಂತು. ಒಳ್ಳೆಯ ಮನೆ, ಒಳ್ಳೆಯ ಹುಡುಗ. ಅಕ್ಕನಿಗೂ ಮನಸ್ಸಿತ್ತು, ಅಡುಗೆಮನೆಯಲ್ಲಿ ಅವಳ ಕೈ ತಪ್ಪಿ ಪಾತ್ರೆ ಬೀಳುವುದು ಹೆಚ್ಚಾಗಿತ್ತು. ಹುಡುಗನ ತಂದೆ ಮಾತು ಮುಗಿಸುವಾಗ ನಯವಾಗಿಯೇ ಒಂದು ಗಂಟು ಹಾಕಿದರು: "ತಂದೆ ಇಲ್ಲದ ಹುಡುಗಿ. ತಂದೆಯ ಅಣ್ಣನೂ ಚಪ್ಪರದಲ್ಲಿ ಕಾಣದಿದ್ದರೆ ನಾಲ್ಕು ಜನ ಎಂತ ಹೇಳ್ತಾರೆ? ಅವರು ಬರುವುದಾದರೆ ಮುಂದುವರಿಸುವ."

ತಂದೆಯ ಅಣ್ಣ, ಅಂದರೆ ನನ್ನ ದೊಡ್ಡಪ್ಪ, ಇದ್ದದ್ದು ನೇತ್ರಾವತಿಯ ಆಚೆ ದಡದ ಪಾವೂರಿನಲ್ಲಿ. ಅವರು ನಮ್ಮ ಮನೆಗೆ ಕಾಲಿಡದೆ ವರ್ಷಗಳಾಗಿದ್ದವು. ಕಾರಣ ಮಾಮ. ತಂದೆ ತೀರಿದ್ದು ಹೊಳೆ ತುಂಬಿದ್ದ ಕಾಲದಲ್ಲಿ, ಅಡ್ಯಾರಿನ ಕಡವಿನಲ್ಲಿ ದೋಣಿಯ ಓಡಾಟ ನಿಂತಿತ್ತು. ಮಯ್ಯತ್ತನ್ನು ಮಣ್ಣು ಮಾಡದೆ ಇಟ್ಟುಕೊಂಡು ಎಷ್ಟು ಹೊತ್ತು ಕಾಯುವುದು? "ತೆಗೆಯಿರಿ" ಎಂದು ಹೇಳಿದವರು ಮಾಮ. ನೀರು ಇಳಿದ ಮೇಲೆ ಬಂದ ದೊಡ್ಡಪ್ಪನಿಗೆ ಕಂಡದ್ದು ಹೊಸ ಮಣ್ಣು ಮಾತ್ರ. ಅವರು ಅಲ್ಲಿಂದಲೇ ತಿರುಗಿ ಹೋದರು.

ಮುಹರಂ ತಿಂಗಳು ಬರುವ ಮೊದಲು ನಿಖಾ ಮುಗಿಯಬೇಕಿತ್ತು, ಆ ವರ್ಷ ಅದು ಸರಿಯಾಗಿ ಮಳೆಗಾಲದ ನಡುವೆ ಬಿದ್ದಿತ್ತು. ಕಾಗದ ಹಾಕಿ ಕರೆದರೆ ಯಾರೂ ಬರುವ ಕಾಲವಲ್ಲ ಅದು. ಮನೆಯ ಹಿರಿಯನೊಬ್ಬ ಅಂಗಳಕ್ಕೆ ಬಂದು ಬಾಯಿಬಿಟ್ಟು ಹೇಳಬೇಕು, ಕೊಟ್ಟ ಚಾಯ ಕುಡಿಯಬೇಕು, ಆಗಲೇ ಅದು ಹೇಳಿಕೆ. ನೆಂಟರ ಮನೆಗಳೋ ಬಸ್ಸು ಕಾಣದ ಮೂಲೆಗಳಲ್ಲಿದ್ದವು. ಮಾಮನೂ, ಹುಡುಗಿಯ ತಮ್ಮನೆಂದು ನಾನೂ, ನಡೆದೇ ಹೊರಟೆವು.

ಹೊರಡುವಾಗಲೇ ನನಗೆ ಸಿಟ್ಟು ಬಂದಿತ್ತು. ತಂದೆಯ ಕಡೆಯ ಹಿರಿಯರಿಗೆ ಮೊದಲ ಹೇಳಿಕೆ ಎಂಬುದು ನಮ್ಮಲ್ಲಿ ಸಣ್ಣ ಮಕ್ಕಳಿಗೂ ಗೊತ್ತು. ಪೂರ್ವಕ್ಕೆ ನೇರ ಹೋಗಿ ಅಡ್ಯಾರಿನಲ್ಲಿ ಹೊಳೆ ದಾಟಿದ್ದರೆ ಮಧ್ಯಾಹ್ನದೊಳಗೆ ಪಾವೂರು. ಮಾಮ ಕೊಟ್ಟಾರದ ಕಡೆಗೆ ತಿರುಗಿದರು.

"ಮೊದಲು ದೊಡ್ಡಪ್ಪನಲ್ಲಿಗಲ್ಲವಾ?" ಎಂದು ಕೇಳಿದೆ.

"ದಾರಿಯಲ್ಲಿ ಸಿಗುವವರನ್ನು ಬಿಟ್ಟು ಹೋಗುವುದು ಎಂಥ ಲೆಕ್ಕ ಮೋನೆ?" ಮಗನೇ ಎನ್ನುವುದಕ್ಕೆ ಅವರು ಮೋನೆ ಎನ್ನುತ್ತಿದ್ದರು. "ಎಲ್ಲರಿಗೂ ಹೇಳಿಕೊಂಡು ಕಡೆಗೆ ಅಲ್ಲಿಗೆ ಹೋಗುವ. ಊರಿಡೀ ಬರ್ತದೆ ಅಂತ ಗೊತ್ತಾದರೆ ಅವರೂ ಬರ್ತಾರೆ."

ಕೊಟ್ಟಾರ, ಕಾವೂರು, ಬಜಪೆ, ಗುರುಪುರ, ಕೈಕಂಬ, ಪೊಳಲಿ. ಇವು ಪಾವೂರಿನ ದಾರಿಯೇ ಅಲ್ಲ. ದೊಡ್ಡಪ್ಪನ ಮುಖ ನೋಡುವುದನ್ನು ಮುಂದೆ ಹಾಕಲು ಮನುಷ್ಯ ಅರ್ಧ ತಾಲೂಕು ಸುತ್ತಿದರು. ಮಳೆ ಒಂದು ಗಳಿಗೆ ಬಿಡಲಿಲ್ಲ. ಗದ್ದೆಯ ಹುಣಿ ಯಾವುದು, ಗದ್ದೆ ಯಾವುದು ಎಂದು ಕಾಲಿಟ್ಟ ಮೇಲೆಯೇ ತಿಳಿಯಬೇಕು. ತೋಡುಗಳಿಗೆ ಅಡಿಕೆ ಮರದ ಸಂಕ, ಅದರ ಮೇಲೆ ಪಾಚಿ. ಎರಡನೆಯ ದಿನಕ್ಕೇ ನನ್ನ ಕಾಲ್ಬೆರಳ ಸಂದಿ ಬೆಳ್ಳಗೆ ಕೊಳೆತು ಉರಿಯತೊಡಗಿತು. ಉಟ್ಟ ಪಂಚೆ ಒಣಗಲೇ ಇಲ್ಲ, ಒಣಗಲೆಂದು ಬಿಚ್ಚಿಟ್ಟ ಪಂಚೆಯೂ ಒಣಗಲಿಲ್ಲ. ಸಂಜೆ ಯಾರದೋ ಜಗಲಿಯಲ್ಲಿ ಮುದುಡಿ ಮಲಗಿದರೆ ಬೆಳಿಗ್ಗೆ ಮೊಣಕಾಲು ನೇರವಾಗುತ್ತಿರಲಿಲ್ಲ.

ಮಾಮ ದಾರಿಯುದ್ದಕ್ಕೂ ಬೈದರು. ಮಳೆಯನ್ನು, ಸಂಕ ಹಾಕಿದವನನ್ನು, ಮನೆಯನ್ನು ಗುಡ್ಡದ ತಲೆಯಲ್ಲಿ ಕಟ್ಟಿದವನನ್ನು. ಗುರುಪುರದ ಸೇತುವೆಯ ಮೇಲೆ ಗಾಳಿಗೆ ಕೊಡೆ ಹಿಮ್ಮುಖ ತಿರುಗಿಕೊಂಡಾಗ, "ನನ್ನ ಕೈಯಲ್ಲೇ ಇದ್ದು ನನಗೇ ತಿರುಗಿ ಬೀಳ್ತದಾ?" ಎಂದು ಅದನ್ನು ಎತ್ತಿ ಹೊಳೆಗೆ ಎಸೆದೇಬಿಟ್ಟರು. ಆಮೇಲೆ ಇಬ್ಬರಿಗೂ ತಲೆಗೆ ಗೋಣಿ ಮಡಚಿದ ಕೊಪ್ಪೆ. ನನಗೆ ಮೈಯೆಲ್ಲ ಉರಿಯುತ್ತಿತ್ತು.

ಆದರೆ ಒಂದು ಅಂಗಳ ಕಂಡರೆ ಸಾಕು, ಮನುಷ್ಯ ಬೇರೆಯೇ ಆಗುತ್ತಿದ್ದರು. ಕೊಪ್ಪೆ ತೆಗೆದು, ಗಡ್ಡ ಹಿಂಡಿ, ಟೊಪ್ಪಿ ಸರಿಮಾಡಿಕೊಂಡು, "ನಮ್ಮ ಝೊಹರಾನ ಮದುವೆ. ಮದುವೆ ನಮ್ಮದಲ್ಲ, ನಿಮ್ಮದು. ಬಂದು ನಡೆಸಿಕೊಡ್ಬೇಕು" ಎನ್ನುತ್ತಿದ್ದರು. ಮತ್ತೆ ಅಡುಗೆಮನೆಯ ಕಡೆಗೆ ತಿರುಗಿ, "ಒಳಗಿನವರಿಗೂ ಹೇಳಿಕೆ ಉಂಟು!" ಎಂದು ಕೂಗುತ್ತಿದ್ದರು. ಕೈಕಂಬದಲ್ಲಿ ಒಂದು ಅಂಗಳದಲ್ಲಿ ಕಾಲು ಜಾರಿ ಕೆಸರಿನಲ್ಲಿ ಕೂತೇಬಿಟ್ಟರು. ಏಳುವ ಗೋಜಿಗೆ ಹೋಗದೆ ಕೂತಲ್ಲಿಂದಲೇ ಹೇಳಿಕೆ ಹೇಳಿ ಮುಗಿಸಿದರು. ಆ ಮನೆಯ ಮುದುಕಿ ನಕ್ಕು ನಕ್ಕು ಬಾಗಿಲು ಹಿಡಿದುಕೊಂಡಳು.

ಅಡ್ಯಾರಿನ ಕಡವಿಗೆ ಬರುವಾಗ ನಮ್ಮಿಬ್ಬರಿಗೂ ನಿಲ್ಲಲು ತ್ರಾಣವಿರಲಿಲ್ಲ. ದೋಣಿಯವನು ಮಾಮನನ್ನು ನೋಡಿ, "ಪಾವೂರಿನ ನಿಮ್ಮ ಬಾವನಿಗೆ ಸುದ್ದಿ ಆಗಲೇ ಮುಟ್ಟಿದೆ. ಪೊಳಲಿಯಿಂದ ಬಂದವರು ಹೇಳಿದ್ರು" ಎಂದ. ಮಾಮನ ಮುಖ ಇಳಿಯಿತು. ಆಮೇಲೆ ದೋಣಿಯಲ್ಲಿ ಅವರು ಯಾರನ್ನೂ ಬೈಯಲಿಲ್ಲ.

ದೊಡ್ಡಪ್ಪ ಜಗಲಿಯಲ್ಲಿ ಕುರ್ಚಿ ಹಾಕಿ ಕೂತಿದ್ದರು. ನಾವು ಅಂಗಳದಲ್ಲಿ ನಿಂತೆವು. ಮೇಲೆ ಬನ್ನಿ ಎನ್ನಲಿಲ್ಲ. ಮಾಮ ಟೊಪ್ಪಿ ಸರಿಮಾಡಿಕೊಂಡು, "ನಮ್ಮ ಝೊಹರಾನ ಮದುವೆ ಬಾವ..." ಎಂದು ಶುರುಮಾಡಿದರು.

"ಗೊತ್ತುಂಟು. ಕೈಕಂಬಕ್ಕೆ ಹೋದೆಯಂತೆ, ಪೊಳಲಿಗೆ ಹೋದೆಯಂತೆ. ಊರೆಲ್ಲ ಚಾಯ ಕುಡಿದು ಮುಗಿದ ಮೇಲೆ ನನಗೆ ಹೇಳ್ಲಿಕ್ಕೆ ಬಂದದ್ದಾ? ನನ್ನ ತಮ್ಮನ ಮಗಳ ಮದುವೆ ನನಗೆ ಸಂತೆಯವರ ಬಾಯಿಂದ ತಿಳೀಬೇಕಾ?"

"ತಪ್ಪಾಯ್ತು ಬಾವ."

"ಎಂತದು? ಮಳೆಗೆ ಕೇಳುದಿಲ್ಲ."

"ತಪ್ಪಾಯ್ತು ಅಂದೆ."

ಹಸನಬ್ಬ ಮಾಮನ ಬಾಯಿಂದ ಆ ಮಾತನ್ನು ಬಂದರಿನಲ್ಲಿ ಯಾರೂ ಕೇಳಿದವರಿಲ್ಲ. ದೊಡ್ಡಪ್ಪ ಅದನ್ನು ಎರಡು ಸಲ ಹೇಳಿಸಿಕೊಂಡರು. ನನಗೆ ತಡೆಯಲಾಗಲಿಲ್ಲ. "ಬನ್ನಿ ಮಾಮ, ಹೋಗುವ. ಇವರು ಬಾರದಿದ್ದರೆ ಬೇಡ!" ಎಂದು ಕಿರುಚಿದೆ.

"ಬಾಯಿ ಮುಚ್ಚು ಮೋನೆ. ಮದುವೆ ನಿನ್ನ ಅಕ್ಕನದ್ದು. ಸಿಟ್ಟು ಮಾಡ್ಲಿಕ್ಕೆ ನಮಗೆ ಇನ್ನು ಬೇಕಾದಷ್ಟು ದಿನ ಉಂಟು."

ದೊಡ್ಡಪ್ಪ ನನ್ನನ್ನು ನೋಡಲೇ ಇಲ್ಲ. ನಿಧಾನವಾಗಿ ಎಲೆಗೆ ಸುಣ್ಣ ಸವರಿದರು. "ಬರ್ತೇನೆ. ನನ್ನ ತಮ್ಮನ ಮಗಳು, ಬಾರದೆ ಇರುವುದು ಹೇಗೆ? ಆದರೆ ನನ್ನ ತಮ್ಮನ ಮುಖ ನನಗೆ ತೋರಿಸದೆ ಮಣ್ಣು ಮಾಡಿಸಿದವನು ಆ ಚಪ್ಪರದಲ್ಲಿ ಇರಬಾರದು. ನೀನಿದ್ದರೆ ನಾನಿಲ್ಲ."

ಮಾಮ ಕೆಸರು ಮೆತ್ತಿದ ತನ್ನ ಕಾಲುಗಳನ್ನೇ ನೋಡುತ್ತ ನಿಂತರು. ನಾನು ಅವರ ಕೈ ನೋಡುತ್ತಿದ್ದೆ. ಈಗ ಎತ್ತುತ್ತಾರೆ, ಈಗ ಶುರುಮಾಡುತ್ತಾರೆ ಎಂದು ಕಾದೆ. "ಆಗಬಹುದು ಬಾವ" ಎಂದರು. ಆಮೇಲೆ ಒಳಗಿನ ಬಾಗಿಲಿನ ಕಡೆಗೆ ತಿರುಗಿ, "ಒಳಗಿನವರಿಗೂ ಹೇಳಿಕೆ ಉಂಟು" ಎಂದರು. ಒಳಗಿನಿಂದ ಯಾರೂ ಓಗೊಡಲಿಲ್ಲ. ಚಾಯವೂ ಬರಲಿಲ್ಲ.

ಹಿಂದಿರುಗುವಾಗ, "ಉಮ್ಮನಿಗೆ ಹೇಳ್ಬೇಡ. ಆ ದಿನ ನನಗೆ ಜ್ವರ ಅಂತ ಹೇಳು" ಎಂದರು. ನಾನು ದಾರಿಯುದ್ದಕ್ಕೂ ಅವರೊಡನೆ ಮಾತಾಡಲಿಲ್ಲ. ಒಪ್ಪಿದ್ದಕ್ಕೆ ನನಗೆ ಅವರ ಮೇಲೆ ಅಷ್ಟು ಸಿಟ್ಟಿತ್ತು. ಈಗ ಮಾಮನೂ ಇಲ್ಲ, ದೊಡ್ಡಪ್ಪನೂ ಇಲ್ಲ. ಅವರ ಕಾಲ ಮುಗಿದರೂ ನನ್ನ ಸಿಟ್ಟು ಮುಗಿದಿಲ್ಲ, ಮುಗಿಸುವ ಮನಸ್ಸೂ ನನಗಿಲ್ಲ.

ಮದುವೆಯ ದಿನ ಅಷ್ಟು ಮಳೆಯಲ್ಲೂ ಎಲ್ಲರೂ ಬಂದರು. ಕಾವೂರಿನವರು, ಗುರುಪುರದವರು, ಪೊಳಲಿಯವರು, ಪಂಚೆ ಮೊಣಕಾಲಿಗೆ ಎತ್ತಿಕಟ್ಟಿ, ಮಕ್ಕಳನ್ನು ಹೆಗಲ ಮೇಲೆ ಕೂರಿಸಿಕೊಂಡು ಬಂದರು. ದೊಡ್ಡಪ್ಪ ಅತ್ತರು ಹಾಕಿಕೊಂಡು ಚಪ್ಪರದ ನಡುವೆ ಕೂತು ಎಲ್ಲರ ಕೈಕುಲುಕುತ್ತಿದ್ದರು. ಬಂದವರೆಲ್ಲ ನನ್ನನ್ನು ಒಂದೇ ಮಾತು ಕೇಳಿದರು. ಕೈಕಂಬದ ಮುದುಕಿ, "ಕೆಸರಲ್ಲಿ ಕೂತು ಕರೆದ ಮನುಷ್ಯ ಎಲ್ಲಿ? ಅವನ ಮುಖಕ್ಕೆ ಬಂದದ್ದು ನಾನು" ಎಂದಳು. ಜ್ವರ, ಜ್ವರ ಎಂದು ಹೇಳಿ ಹೇಳಿ ನನ್ನ ನಾಲಿಗೆ ಕಹಿಯಾಯಿತು.

ಮಧ್ಯಾಹ್ನ ಊಟದ ಗದ್ದಲದ ನಡುವೆ ತುಪ್ಪದನ್ನ, ಮಾಂಸದ ಸಾರು ಹಾಕಿಸಿಕೊಂಡು ಬಂದರಿನ ಹಿಂದಿನ ಮಾಮನ ಮನೆಗೆ ಓಡಿದೆ. ಮಾಮಿ, ಮಕ್ಕಳು ಎಲ್ಲ ಮದುವೆಯಲ್ಲಿದ್ದರು. ಅವರೊಬ್ಬರೇ ಬಾಗಿಲಲ್ಲಿ ಕೂತಿದ್ದರು, ಇಸ್ತ್ರಿ ಮಾಡಿದ ಹೊಸ ಅಂಗಿ ಹಾಕಿಕೊಂಡು.

"ಕಾವೂರಿನವರು ಬಂದ್ರಾ?"

"ಬಂದ್ರು."

"ಪೊಳಲಿಯವರು?"

"ಎಲ್ಲ ಬಂದ್ರು ಮಾಮ."

"ಝೊಹರಾ ಅತ್ತಳಾ?"

"ಸ್ವಲ್ಪ. ನಿಮ್ಮನ್ನು ಕೇಳಿದಳು."

ನಾನು ತಟ್ಟೆ ಮುಂದಿಟ್ಟೆ. ಅವರು ಬೆರಳ ತುದಿಯಿಂದ ಅದನ್ನು ನನ್ನ ಕಡೆಗೆ ಸರಿಸಿದರು.

"ತಗೊಂಡು ಹೋಗು ಮೋನೆ. ಕರೆಯದ ಮದುವೆಯ ಊಟ ನಾನು ಉಣ್ಣುದಿಲ್ಲ."

"ನಿಮ್ಮನ್ನು ಕರೆಯುವುದು ಎಂತ ಮಾಮ? ನೀವು ಮನೆಯವರಲ್ಲವಾ?"

"ಮನೆಯವನಾದರೆ ನಾನು ಇವತ್ತು ಎಲ್ಲಿರ್ಬೇಕಿತ್ತು?"

ದನಿ ಏರಿಸಲಿಲ್ಲ. ಎದ್ದು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ನಾನು ತಟ್ಟೆ ಹಿಡಿದುಕೊಂಡು ಮಳೆಯಲ್ಲಿ ಹಿಂದೆ ಬಂದೆ. ಚಪ್ಪರದಲ್ಲಿ ದೊಡ್ಡಪ್ಪ ಇನ್ನೊಮ್ಮೆ ಅನ್ನ ಹಾಕಿಸಿಕೊಳ್ಳುತ್ತಿದ್ದರು.