ಗಡುವು ಕಾಯುವ ವಿಮಲಕ್ಕ

ವಿಮಲಕ್ಕ ಕಂಪ್ಯೂಟರನ್ನು ಬೈಯುತ್ತಿರಲಿಲ್ಲ, ಕರೆಯುತ್ತಿದ್ದರು. ಮಣಿಪಾಲದ ನಮ್ಮ ಸಣ್ಣ ಕಚೇರಿಯಲ್ಲಿ ಮೂಗು ಪರದೆಗೆ ತಾಗುವಷ್ಟು ಬಾಗಿ, "ಪಿರ ಬಲ, ಪಿರ ಬಲ" ಎಂದು ತುಳುವಿನಲ್ಲಿ ಯಾರನ್ನೋ ವಾಪಸ್ ಕರೆಯುವಂತೆ ಗೊಣಗುತ್ತಿದ್ದರು. ಹೊಸದಾಗಿ ಸೇರಿದ ನನಗೆ, ಅಯ್ಯೋ ದೇವರೇ, ದಿನವಿಡೀ ಇವರ ಪಕ್ಕದಲ್ಲೇ ಕೂರಬೇಕೇ ಅನಿಸಿತ್ತು.

ಅವರದು ಕಂಪ್ಯೂಟರಿನ ತಿರುಳಾದ ಕರ್ನೆಲ್ಲನ್ನು ಪರೀಕ್ಷಿಸುವ ಕೆಲಸ. "ನೀನು ಕಾಪುವಿನಿಂದ ಕಾಗದ ಹಾಕಿದಿ ಅಂತ ಇಟ್ಕೋ. ಉಡುಪಿಯ ಅಂಚೆಯವರು ನಿನ್ನ ವಿಳಾಸ ಅಳಿಸಿ ಅವರದ್ದು ಬರೀತಾರೆ. ಉತ್ತರ ಉಡುಪಿಗೇ ಬರ್ತದೆ. ಅದು ನಿನ್ನದು ಅಂತ ಅವರಿಗೆ ನೆನಪು ಉಂಟಾ? ನೆಟ್‌ವರ್ಕಿನಲ್ಲಿ ಹೋಗುವ ಮಾಹಿತಿಯ ಪ್ಯಾಕೆಟ್ಟಿಗೆ ಕರ್ನೆಲ್ ಮಾಡುವುದೂ ಅದನ್ನೇ. ಅದಕ್ಕೆ ನೆನಪು ಉಂಟಾ ಅಂತ ನಾನು ನೋಡುವುದು, ಅಷ್ಟೇ," ಎಂದು ವಿವರಿಸಿದ್ದರು.

ಬಹಳ ಹೊತ್ತು ಎರಡೂ ಕಡೆಯಿಂದ ಮಾತಿಲ್ಲದಿದ್ದರೆ ಕರ್ನೆಲ್ ಆ ನೆನಪನ್ನು ಅಳಿಸಿಬಿಡುತ್ತದೆ. ಅದಕ್ಕೊಂದು ಗಡುವು. ನಾವೆಲ್ಲ ಪರೀಕ್ಷೆಗೆಂದು ಗಡುವನ್ನು ಕೆಲವೇ ಸೆಕೆಂಡಿಗೆ ಇಳಿಸಿ, ಚಹಾಕ್ಕೆ ಮೊದಲೇ 'ಪಾಸ್' ಎಂದು ಬರೆದು ಏಳುತ್ತಿದ್ದೆವು. ವಿಮಲಕ್ಕ ಮಾತ್ರ ಇಡೀ ಗಡುವು ಕಾಯುತ್ತಿದ್ದರು. ಮ್ಯಾನೇಜರ್ ತಲೆ ಚಚ್ಚಿಕೊಂಡರೆ, "ಗಡಿಯಾರದ ಮುಳ್ಳು ತಿರುಗಿಸಿದರೆ ಕಾದ ಹಾಗೆ ಆಗ್ತದಾ ಸರ್?" ಎನ್ನುತ್ತಿದ್ದರು. ಹಾಗೆ ಕಾದೇ ಒಂದು ದೋಷ ಹಿಡಿದರು: ಗಡುವು ಮುಗಿಯುವ ಮೊದಲೇ ಕರ್ನೆಲ್ ಮರೆತು, ತಡವಾಗಿಯಾದರೂ ಗಡುವಿನೊಳಗೇ ಬಂದ ಉತ್ತರವನ್ನು ಯಾರದ್ದೋ ಎಂದು ಬಿಸಾಡುತ್ತಿತ್ತು. ಅದನ್ನು ಹಿಡಿಯುವ ಪರೀಕ್ಷೆಯ ಪ್ರೋಗ್ರಾಮನ್ನು ಕರ್ನೆಲ್ ನೋಡಿಕೊಳ್ಳುವ ಹೊರದೇಶದವರಿಗೆ ಕಳಿಸಿದರು. ಅವರು ಅದನ್ನು ಸೇರಿಸಿಕೊಂಡರೆ ತಾನು ಮಾಡಿದ್ದೂ ಲೋಕದಲ್ಲಿ ಉಳಿದೀತು ಎಂಬ ಆಸೆ. ಅಲೆವೂರಿನಲ್ಲಿ ಒಬ್ಬರೇ ಇದ್ದ ಆ ಜೀವಕ್ಕೆ ಬೇರೆ ಆಸೆ ಇದ್ದದ್ದನ್ನು ನಾನು ಕಾಣೆ. ಅವರ ಕಣ್ಣು ಮಂಜಾಗುತ್ತಿತ್ತು, ಹಾಗಾಗಿ ಮೇಲ್ ಓದುವ ಕೆಲಸ ನನ್ನದು. ಬೆಳಿಗ್ಗೆ ಬಂದವರೇ, "ಎಂತ, ಉತ್ತರ ಬಂತಾ?" ಎಂದು ಕೇಳುತ್ತಿದ್ದರು.

ಉತ್ತರಕ್ಕೆ ಮೊದಲೇ ಕಣ್ಣು ಪೂರ್ತಿ ಕೈಕೊಟ್ಟಿತು. ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಪಕ್ಕದ ಕುರ್ಚಿ ಖಾಲಿಯಾದ ಮೇಲೆ ನನಗೆ ಕಚೇರಿಯೇ ಬೇಸರವಾಯಿತು. ಆ ಗೊಣಗಾಟಕ್ಕೆ ಅಷ್ಟು ಹೊಂದಿಕೊಂಡಿದ್ದೆ ಎಂದು ಗೊತ್ತೇ ಇರಲಿಲ್ಲ.

ವಿಮಲಕ್ಕ ಈಗಿಲ್ಲ. ನಾನು ಅವರನ್ನು ಕೊನೆಯ ಸಲ ಕಂಡದ್ದು ಆ ಉತ್ತರ ಬಂದ ಸಂಜೆ. ಫೋನಿನಲ್ಲಿ ಹೇಳಿ ಮುಗಿಸುವ ಮನಸ್ಸಾಗದೆ, ಕಾರ್ಕಳಕ್ಕೆ ಹೋಗುವ ನನ್ನ ಬಸ್ಸನ್ನು ಬಿಟ್ಟು ಅಲೆವೂರಿಗೆ ಓಡಿದೆ. ಪರೀಕ್ಷೆ ಚೆನ್ನಾಗಿದೆ, ಸೇರಿಸಿಕೊಂಡಿದ್ದೇವೆ ಎಂದು ಎರಡೇ ಸಾಲು. ಓದಿ ಹೇಳಿದೆ. ಅವರ ಮುಖ ಅರಳಿತು.

"ಇನ್ನೊಮ್ಮೆ ಓದು."

ಓದಿದೆ.

"ನಿಧಾನ ಓದು ಮಾರಾಯ್ತಿ. ಬಸ್ಸು ಇನ್ನೊಂದು ಉಂಟು."

ಮತ್ತೆ ಓದಿದೆ, ಮತ್ತೂ ಓದಿದೆ. ಈಗ ನನಗಿಂತ ಮೊದಲೇ ಅವರ ತುಟಿಗಳು ಆ ಸಾಲು ಹೇಳುತ್ತಿದ್ದವು.

"ಅಕ್ಕ, ನಿಮಗೆ ಬಾಯಿಪಾಠವೇ ಆಯ್ತಲ್ಲ!" ಎಂದು ನಕ್ಕೆ.

ಅವರು ನಗಲಿಲ್ಲ. ನಾನು ಕೂತ ಕಡೆಗೆ ಅಂದಾಜಿನಲ್ಲಿ ಮುಖ ತಿರುಗಿಸಿ, "ಓದಿ ಮುಗಿದರೆ ನೀನು ಹೋಗ್ತಿ ಅಲ್ವಾ?" ಎಂದರು.